ಗ್ಯಾರೆತ್ ಥಾಮಸ್, ರಗ್ಬಿ ಮತ್ತು ಗೇ ಆಟಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ರಗ್ಬಿ ಆಡುವ ಹುಡುಗರು, ಅವರ ಅಪ್ಪ ಅಮ್ಮಂದಿರು, ಪಿಟಿ ಮೇಷ್ಟ್ರುಗಳು, ಪತ್ರ ಬರೆದು ಹೆಸರು ಹಾಕದೇ ಬಿಟ್ಟವರು, ಇವರೆಲ್ಲ ಕೇಳಿದ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿಕೊಳ್ಳಬಹುದು.

## ಆಟ ಮತ್ತು ಆಟಗಾರ

ಯಾರು ಈ ಗ್ಯಾರೆತ್ ಥಾಮಸ್? ಹೆಸರೇ ಕೇಳಿಲ್ಲ.

ವೇಲ್ಸ್ ದೇಶದ ರಗ್ಬಿ ಆಟಗಾರ. 1974ರ ಜುಲೈ 25ರಂದು ಹುಟ್ಟಿದರು, ಬ್ರಿಡ್ಜೆಂಡ್ ಕಡೆಯವರು. ವೇಲ್ಸ್ ಪರವಾಗಿ 100 ಅಂತರರಾಷ್ಟ್ರೀಯ ಪಂದ್ಯ ಆಡಿದ ಮೊದಲ ಆಟಗಾರ ಇವರೇ. ತಂಡದ ನಾಯಕರೂ ಆಗಿದ್ದರು. 2009ರ ಡಿಸೆಂಬರ್‌ನಲ್ಲಿ, 35ನೇ ವಯಸ್ಸಿನಲ್ಲಿ, ಇನ್ನೂ ಮೈದಾನದಲ್ಲಿ ಆಡುತ್ತಿರುವಾಗಲೇ ತಾವು ಗೇ ಎಂದು ಪತ್ರಿಕೆಯೊಂದರಲ್ಲಿ ಬಹಿರಂಗವಾಗಿ ಹೇಳಿದರು. ರಗ್ಬಿ ಯೂನಿಯನ್‌ನಲ್ಲಿ, ಅಂದರೆ 15 ಜನ ಆಡುವ ರಗ್ಬಿಯಲ್ಲಿ, ಆ ಎತ್ತರದಲ್ಲಿದ್ದ ಆಟಗಾರ ಯಾರೂ ಅದಕ್ಕೂ ಮುಂಚೆ ಹಾಗೆ ಹೇಳಿರಲಿಲ್ಲ.

ವೇಲ್ಸ್ ಪುಟ್ಟ ದೇಶ. ಜನಸಂಖ್ಯೆ ಸುಮಾರು 31 ಲಕ್ಷ, ನಮ್ಮ ಬೆಂಗಳೂರಿನ ಮೂರನೇ ಒಂದು ಪಾಲೂ ಇಲ್ಲ. ಆದರೆ ರಾಜಧಾನಿ ಕಾರ್ಡಿಫ್‌ನ ರಗ್ಬಿ ಸ್ಟೇಡಿಯಂನಲ್ಲಿ ಸುಮಾರು 74,000 ಜನ ಕೂರಬಹುದು. ಅಲ್ಲಿ ರಗ್ಬಿ ನಾಯಕ ಅಂದರೆ ಮನೆಮನೆಗೂ ಗೊತ್ತಿರುವ ಮುಖ. ಅಂಥವರು ಬಾಯಿಬಿಟ್ಟು ಹೇಳಿದರು ಅನ್ನುವುದೇ ದೊಡ್ಡ ವಿಷಯ.

ರಗ್ಬಿ ಅಂದ್ರೆ ಅಮೆರಿಕದವರು ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ, ಅದೇನಾ?

ಅಲ್ಲ, ಅದು ಅಮೆರಿಕನ್ ಫುಟ್‌ಬಾಲ್. ರಗ್ಬಿಯಲ್ಲಿ ಹೆಲ್ಮೆಟ್ ಇಲ್ಲ, ದಪ್ಪ ಪ್ಯಾಡ್ ಇಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಪಾಸ್ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, 5 ಅಂಕ. ಒಂದು ಕಡೆಗೆ 15 ಜನ, ಒಟ್ಟು 80 ನಿಮಿಷ.

ಕಬಡ್ಡಿ ನೋಡಿದವರಿಗೆ ಇದರ ಜೀವಾಳ ಬೇಗ ಅರ್ಥವಾಗುತ್ತದೆ. ರೈಡರ್ ಗೆರೆ ಮುಟ್ಟುವುದರೊಳಗೆ ನಾಲ್ಕು ಜನ ಮೇಲೆ ಬೀಳುತ್ತಾರಲ್ಲ, ಅದೇ ಕೆಲಸ ಇಲ್ಲಿ ದೊಡ್ಡ ಮೈದಾನದಲ್ಲಿ ಎಂಬತ್ತು ನಿಮಿಷ ನಡೆಯುತ್ತದೆ.

ಇನ್ನೊಂದು ಬಗೆ ಇದೆ, ರಗ್ಬಿ ಲೀಗ್. ಅಲ್ಲಿ 13 ಜನ, ಟ್ರೈಗೆ 4 ಅಂಕ, ನಿಯಮಗಳೂ ಬೇರೆ. ಒಲಿಂಪಿಕ್ಸ್‌ನಲ್ಲಿ 2016ರಿಂದ ಇರುವುದು ಏಳೇಳು ಜನ ಆಡುವ ಸೆವೆನ್ಸ್.

ನಮ್ಮ ದೇಶದಲ್ಲಿ ಇದನ್ನ ಯಾರು ಆಡ್ತಾರೆ ಹೇಳಿ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನ. ಮತ್ತೆ ಸಂಬಂಧ ಹಳೆಯದು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುವ ಕಪ್‌ನ ಹೆಸರೇ ಕಲ್ಕತ್ತಾ ಕಪ್. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ್ದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಮ್ಮದೇ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು, ಆರು ತಂಡ, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು.

ಅವ್ರ ಕೆರಿಯರ್ ಸ್ವಲ್ಪ ಬಿಡಿಸಿ ಹೇಳಿ. ನಿಜವಾಗ್ಲೂ ಅಷ್ಟು ದೊಡ್ಡ ಆಟಗಾರನಾ?

ಹೌದು, ಇದರಲ್ಲಿ ಎರಡು ಮಾತಿಲ್ಲ. ಎಷ್ಟೋ ಜನ ಇವರ ಖಾಸಗಿ ಬದುಕಿನ ಬಗ್ಗೆ ಮಾತ್ರ ಓದಿ ಆಟವನ್ನು ಬಿಟ್ಟುಬಿಡುತ್ತಾರೆ. ಅದು ನನಗೆ ಬೇಸರದ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಶುರುವಿನಲ್ಲಿ ರಗ್ಬಿ ಯೂನಿಯನ್‌ನಲ್ಲಿ ಸಂಬಳ ಅನ್ನುವುದೇ ಇರಲಿಲ್ಲ. ಅದು ವೃತ್ತಿಪರ ಆಟ ಆಗಿದ್ದು 1995ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಥಾಮಸ್ ಪೋಸ್ಟ್‌ಮ್ಯಾನ್ ಆಗಿದ್ದರು. ಅದೇ 1995ರ ಮೇ ತಿಂಗಳಲ್ಲಿ, ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ, ಜಪಾನ್ ಎದುರು ಮೊದಲ ಬಾರಿ ವೇಲ್ಸ್ ಜರ್ಸಿ ತೊಟ್ಟರು. ಮೊದಲ ಪಂದ್ಯದಲ್ಲೇ ಮೂರು ಟ್ರೈ. ಆಮೇಲೆ ಬ್ರಿಡ್ಜೆಂಡ್, ಕಾರ್ಡಿಫ್, ಸೆಲ್ಟಿಕ್ ವಾರಿಯರ್ಸ್, ಫ್ರಾನ್ಸ್‌ನ ಟುಲೂಸ್, ಮತ್ತೆ ಕಾರ್ಡಿಫ್.

2005 ಅವರ ವರ್ಷ. ವೇಲ್ಸ್ 27 ವರ್ಷಗಳ ಬಳಿಕ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು, ಅಂದರೆ ಆರು ದೇಶಗಳ ಚಾಂಪಿಯನ್‌ಶಿಪ್‌ನಲ್ಲಿ ಒಂದೂ ಪಂದ್ಯ ಸೋಲದೆ, ಡ್ರಾ ಕೂಡ ಇಲ್ಲದೆ ಎಲ್ಲ ಗೆದ್ದಿತು. ಆ ಸಾಲಿನ ನಾಯಕ ಇವರೇ. ಪ್ಯಾರಿಸ್‌ನ ಪಂದ್ಯದಲ್ಲಿ ಹೆಬ್ಬೆರಳು ಮುರಿದುಕೊಂಡು ಕೊನೆಯ ಪಂದ್ಯಗಳಿಗೆ ಹೊರಗೆ ಕೂರಬೇಕಾಯಿತು. ಅದೇ ವರ್ಷ ನಾಲ್ಕು ದೇಶಗಳ ಆಯ್ದ ಆಟಗಾರರ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ತಂಡ ನ್ಯೂಜಿಲೆಂಡ್‌ಗೆ ಹೋಗಿತ್ತು. ಮೊದಲ ಟೆಸ್ಟ್‌ನ (ರಗ್ಬಿಯಲ್ಲಿ ಅಂತರರಾಷ್ಟ್ರೀಯ ಪಂದ್ಯಕ್ಕೆ ಹೀಗನ್ನುತ್ತಾರೆ) ಆರಂಭದಲ್ಲೇ ನಾಯಕ ಬ್ರಿಯಾನ್ ಓಡ್ರಿಸ್ಕಾಲ್ ಭುಜಕ್ಕೆ ಪೆಟ್ಟಾಗಿ ಹೊರಬಿದ್ದಾಗ ಉಳಿದ ಎರಡು ಟೆಸ್ಟ್‌ಗಳಿಗೆ ನಾಯಕತ್ವ ಇವರ ಹೆಗಲಿಗೆ ಬಂತು. ಸರಣಿ ಸೋತರು, ನಿಜ. ಆದರೆ ಎರಡನೇ ಟೆಸ್ಟ್ ಶುರುವಾದ ಕೆಲವೇ ನಿಮಿಷದಲ್ಲಿ ಇವರು ಬಾರಿಸಿದ ಟ್ರೈ ಈಗಲೂ ಜನ ನೆನೆಸಿಕೊಳ್ಳುತ್ತಾರೆ.

100ನೇ ಪಂದ್ಯ ಬಂದಿದ್ದು 2007ರ ವಿಶ್ವಕಪ್‌ನಲ್ಲಿ, ಫಿಜಿ ಎದುರು. 38-34ರಿಂದ ಸೋತು ವೇಲ್ಸ್ ಮನೆಗೆ ಹೊರಟಿತು. ಒಟ್ಟು 40 ಟ್ರೈ ವೇಲ್ಸ್ ಪರ. 2010ರಲ್ಲಿ ಕ್ರುಸೇಡರ್ಸ್ ತಂಡ ಸೇರಿ ರಗ್ಬಿ ಲೀಗ್ ಆಡಿದರು, ಅದರಲ್ಲೂ ವೇಲ್ಸ್ ಜರ್ಸಿ ತೊಟ್ಟರು. 2011ರಲ್ಲಿ ನಿವೃತ್ತಿ.

## ಮನೆ, ಮದುವೆ, ಡ್ರೆಸ್ಸಿಂಗ್ ರೂಮು

ಇಷ್ಟು ಗಟ್ಟಿಮುಟ್ಟಾಗಿರೋರು, ಹೊಡೆದಾಡೋ ಆಟ ಆಡೋರು, ಗೇ ಹೇಗಾಗ್ತಾರೆ?

ಆಗುವುದೇನೂ ಇಲ್ಲ, ಇರುತ್ತಾರೆ ಅಷ್ಟೇ. ಯಾರ ಮೇಲೆ ಮನಸ್ಸು ಹೋಗುತ್ತದೆ ಅನ್ನುವುದಕ್ಕೂ ಭುಜ ಎಷ್ಟು ಅಗಲ ಅನ್ನುವುದಕ್ಕೂ ಸಂಬಂಧವಿಲ್ಲ. ನಮ್ಮ ಸಿನಿಮಾಗಳು ವರ್ಷಾನುಗಟ್ಟಲೆ ಒಂದೇ ಥರದ ಪಾತ್ರ ತೋರಿಸಿ ನಗಿಸಿದವು, ಅದೇ ನಮ್ಮ ತಲೆಯಲ್ಲಿ ಕೂತಿದೆ. ಹಾಗೆ ಮೆಲುವಾಗಿ ನಡೆಯುವ, ಮೆಲುವಾಗಿ ಮಾತಾಡುವ ಗಂಡಸರೂ ಇದ್ದಾರೆ, ಅವರನ್ನು ನೋಡಿ ನಗುವುದೂ ತಪ್ಪೇ. ಥಾಮಸ್ ಆರಡಿಗೂ ಎತ್ತರದ ಆಳು, ಮುಂದಿನ ಹಲ್ಲುಗಳನ್ನು ಕಳೆದುಕೊಂಡಿದ್ದವರು. ಆ ರೂಪದ ಹಿಂದೆ ಯಾರಿಗೂ ಅನುಮಾನ ಬರದ ಹಾಗೆ ಬಚ್ಚಿಟ್ಟುಕೊಳ್ಳುವುದು ಅವರಿಗೆ ಸುಲಭವಾಯಿತು, ಕಷ್ಟವೂ ಅದರಿಂದಲೇ ಬಂತು.

ಮದುವೆ ಆಗಿತ್ತಂತೆ? ಹೆಂಡತಿ ಇದ್ರು ಅಂದ್ಮೇಲೆ ಗೇ ಹೇಗೆ?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ನಮ್ಮಲ್ಲಿ ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರುತ್ತದೆ, ಕೇಳುವವರು ಬಾಯಿಬಿಟ್ಟು ಹೇಳದಿದ್ದರೂ: ನಮ್ಮ ಹುಡುಗನಿಗೂ ಒಂದು ಮದುವೆ ಮಾಡಿದರೆ ಸರಿಹೋಗಬಹುದಲ್ವಾ?

ಥಾಮಸ್‌ಗೆ ಹದಿಹರೆಯದಲ್ಲೇ ತಮ್ಮ ಬಗ್ಗೆ ಗೊತ್ತಿತ್ತು. ಆದರೂ ಪ್ರೀತಿಸಿದ ಹುಡುಗಿಯನ್ನೇ ಮದುವೆಯಾದರು. ಅವರ ಮೇಲೆ ನಿಜವಾದ ಅಕ್ಕರೆ ಇತ್ತು ಎಂದು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮದುವೆಯಾದರೆ ಆ ಇನ್ನೊಂದು ಭಾವನೆ ತಾನಾಗಿ ಹೋಗುತ್ತದೆ ಎಂದು ನಂಬಿದ್ದರು. ಹೋಗಲಿಲ್ಲ. ದಿನಾ ಸುಳ್ಳು ಹೇಳಬೇಕಾಯಿತು, ಒಂದು ಸುಳ್ಳಿಗೆ ಇನ್ನೊಂದು. ಸಾಯುವ ಯೋಚನೆಗಳು ಬಂದಿದ್ದವು ಎಂದು ಅವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕೊನೆಗೆ 2006ರಲ್ಲಿ ಹೆಂಡತಿಗೆ ನಿಜ ಹೇಳಿದರು. ಮದುವೆ ಮುರಿಯಿತು.

ಇಲ್ಲಿ ನಾನು ಒತ್ತಿ ಹೇಳಬೇಕಾದ್ದು ಆ ಹೆಣ್ಣುಮಗಳ ಬಗ್ಗೆ. ಅವರು ಯಾವ ತಪ್ಪೂ ಮಾಡಿರಲಿಲ್ಲ. ಯಾವ ವಿಷಯ ಗೊತ್ತಿದ್ದರೆ ಬೇರೆ ದಾರಿ ಆರಿಸಿಕೊಳ್ಳುತ್ತಿದ್ದರೋ ಆ ವಿಷಯವನ್ನೇ ಅವರಿಂದ ಮುಚ್ಚಿಡಲಾಗಿತ್ತು. ಥಾಮಸ್ ಇದನ್ನು ತಮ್ಮ ಬದುಕಿನ ದೊಡ್ಡ ನೋವು ಅನ್ನುತ್ತಾರೆ.

ಬೆಂಗಳೂರಿನಲ್ಲಿ ಇದೇ ಕಥೆ ಬೇರೆ ಬೇರೆ ಮನೆಗಳಲ್ಲಿ ನಡೆಯುತ್ತಿದೆ. ಹುಡುಗನಿಗೆ ಇಪ್ಪತ್ತೆಂಟು ದಾಟುತ್ತದೆ, ಮನೆಯಲ್ಲಿ ಜಾತಕ ಹೊರಗೆ ಬರುತ್ತದೆ, ಅಜ್ಜಿಯ ಆರೋಗ್ಯದ ಮಾತು ಬರುತ್ತದೆ, ಛತ್ರ ಬುಕ್ ಆಗುತ್ತದೆ. ಹುಡುಗ ಹೇಳಲಾರದೆ ತಲೆಯಾಡಿಸುತ್ತಾನೆ. ಆಮೇಲೆ ನರಳುವವರು ಇಬ್ಬರು, ಮಗು ಆದರೆ ಮೂವರು. ಮಗನಿಗೆ ಮನಸ್ಸಿಲ್ಲ ಎಂದು ಗೊತ್ತಿದ್ದೂ ಮದುವೆ ಮಾಡುವ ತಂದೆ ತಾಯಿ ಬೇರೆ ಮನೆಯ ಮಗಳ ಬದುಕನ್ನು ಪಣಕ್ಕಿಡುತ್ತಿದ್ದಾರೆ. ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ.

ಥಾಮಸ್ ಈಗ ಮತ್ತೆ ಮದುವೆಯಾಗಿದ್ದಾರೆ. ಗಂಡನ ಹೆಸರು ಸ್ಟೀಫನ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರ ಮಾರ್ಚ್‌ನಿಂದ ಇಂಥ ಮದುವೆಗೆ ಕಾನೂನಿನ ಒಪ್ಪಿಗೆ ಇದೆ.

ಟೀಮ್‌ನವ್ರಿಗೆ ಹೇಳಿದ್ದು ಹೇಗೆ? ಜಗಳ ಆಯ್ತಾ?

ಜಗಳ ಆಗಲಿಲ್ಲ. 2006ರಲ್ಲಿ, ಕಾರ್ಡಿಫ್‌ನ ಡ್ರೆಸ್ಸಿಂಗ್ ರೂಮಿನಲ್ಲಿ, ಪಂದ್ಯ ಮುಗಿದ ಮೇಲೆ ಅವರು ಕುಸಿದು ಅತ್ತರು. ಕೋಚ್ ಸ್ಕಾಟ್ ಜಾನ್ಸನ್ ಹತ್ತಿರ ಬಂದು ಮಾತಾಡಿಸಿದರು, ವಿಷಯ ಹೊರಗೆ ಬಂತು. ಇದನ್ನು ಒಬ್ಬನೇ ಹೊರಲು ಆಗುವುದಿಲ್ಲ, ತಂಡದ ಒಂದಿಬ್ಬರಿಗೆ ಹೇಳೋಣ ಎಂದು ಜಾನ್ಸನ್ ಸೂಚಿಸಿದರು. ಆಯ್ದವರು ಸ್ಟೀಫನ್ ಜೋನ್ಸ್ ಮತ್ತು ಮಾರ್ಟಿನ್ ವಿಲಿಯಮ್ಸ್. ಅವರಿಗೆ ಹೇಳಿದ ಮೇಲೆ ಥಾಮಸ್ ಬಾರ್‌ನಲ್ಲಿ ಒಬ್ಬರೇ ಕೂತು, ಈಗ ಏನಾಗುತ್ತದೋ ಎಂದು ನಡುಗುತ್ತಿದ್ದರಂತೆ. ಇಬ್ಬರೂ ಬಂದರು, ಬೆನ್ನು ತಟ್ಟಿದರು, ನಮಗೇನೂ ತೊಂದರೆಯಿಲ್ಲ, ಮೊದಲೇ ಯಾಕೆ ಹೇಳಲಿಲ್ಲ ಅನ್ನುವ ಧಾಟಿಯಲ್ಲಿ ಮಾತಾಡಿದರು.

ಜಗತ್ತಿಗೆ ಹೇಳಿದ್ದು ಅದಾಗಿ ಮೂರು ವರ್ಷಕ್ಕೆ. ಈ ಮೂರು ವರ್ಷ ತಂಡದಲ್ಲಿ ಗೊತ್ತಿದ್ದವರು ಯಾರೂ ಪತ್ರಿಕೆಗೆ ಸುದ್ದಿ ಮುಟ್ಟಿಸಲಿಲ್ಲ. ಅದೂ ಬ್ರಿಟನ್ನಿನ ಟ್ಯಾಬ್ಲಾಯ್ಡ್‌ಗಳು ಬಾಗಿಲಲ್ಲೇ ಕಾಯುವ ಕಾಲದಲ್ಲಿ.

ಹೇಳಿದ ಮೇಲೆ ಕೆರಿಯರ್ ಹಾಳಾಯ್ತಾ?

ಇಲ್ಲ. ಕಾರ್ಡಿಫ್ ಪರ ಆಡಿದರು, ಹೊಸ ಬಗೆಯ ರಗ್ಬಿಗೆ ಹೋಗಿ ಅಲ್ಲೂ ಆಡಿದರು. ಎಲ್ಲವೂ ಸಲೀಸು ಅಂತ ಅಲ್ಲ. 2010ರಲ್ಲಿ ಕ್ಯಾಸಲ್‌ಫರ್ಡ್ ತಂಡದ ಊರಿನಲ್ಲಿ ನಡೆದ ಲೀಗ್ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಅವರ ವಿರುದ್ಧ ಕೀಳಾಗಿ ಕೂಗಿತು. ಆಡಳಿತ ಮಂಡಳಿ ಆತಿಥೇಯ ಕ್ಲಬ್‌ಗೇ ದಂಡ ಹಾಕಿತು. ಕೂಗಿದ್ದು ಪ್ರೇಕ್ಷಕರು, ನಮಗೇನು ಗೊತ್ತು ಎಂದು ಕ್ಲಬ್ ಕೈತೊಳೆದುಕೊಳ್ಳಲು ಬಿಡಲಿಲ್ಲ ಅನ್ನುವುದು ಇಲ್ಲಿ ಮುಖ್ಯ. ಆಟ ಬಿಟ್ಟ ಮೇಲೆ ಟಿವಿಯಲ್ಲಿ ರಗ್ಬಿ ವಿಶ್ಲೇಷಕರಾದರು.

ರಸ್ತೆಯಲ್ಲಿ ಯಾರೋ ಹೊಡೆದ್ರಂತೆ, ನಿಜಾನಾ?

ನಿಜ. 2018ರ ನವೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ, ಅವರು ಗೇ ಅನ್ನುವ ಕಾರಣಕ್ಕೇ 16 ವರ್ಷದ ಹುಡುಗನೊಬ್ಬ ಹಲ್ಲೆ ಮಾಡಿದ. ಮುಖದ ಮೇಲೆ ಗಾಯದ ಗುರುತು ಇಟ್ಟುಕೊಂಡೇ ವಿಡಿಯೊ ಮಾಡಿ ಹಾಕಿದರು. ಹುಡುಗನನ್ನು ಜೈಲಿಗೆ ಹಾಕಿ ಅನ್ನಲಿಲ್ಲ, ಅವನಿಗೆ ತಪ್ಪು ಅರ್ಥವಾಗುವ ದಾರಿ ಬೇಕು ಎಂದು ಪೊಲೀಸರನ್ನು ಕೇಳಿಕೊಂಡರು. ಹುಡುಗ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ. ಆ ವಾರದ ಪಂದ್ಯಗಳಲ್ಲಿ ವೇಲ್ಸ್, ಫ್ರಾನ್ಸ್, ನ್ಯೂಜಿಲೆಂಡ್ ತಂಡಗಳ ಆಟಗಾರರು ಕಾಮನಬಿಲ್ಲಿನ ಬಣ್ಣದ ಶೂ ಲೇಸ್ ಕಟ್ಟಿ ಆಡಿದರು.

## ಎಚ್‌ಐವಿ ಬಗ್ಗೆ

ಎಚ್‌ಐವಿ ಇದ್ದೂ ಅಷ್ಟು ದೊಡ್ಡ ರೇಸ್ ಹೇಗೆ ಮುಗಿಸಿದ್ರು?

2019ರ ಸೆಪ್ಟೆಂಬರ್‌ನಲ್ಲಿ ಥಾಮಸ್ ತಮಗೆ ಎಚ್‌ಐವಿ ಇದೆ ಎಂದು ವಿಡಿಯೊದಲ್ಲಿ ಹೇಳಿದರು. ಇದನ್ನು ಬಯಲು ಮಾಡುತ್ತೇವೆ ಎಂದು ಕೆಲವರು ಬೆದರಿಸುತ್ತಿದ್ದರಂತೆ, ಆ ಅಸ್ತ್ರವನ್ನೇ ಅವರ ಕೈಯಿಂದ ಕಿತ್ತುಕೊಂಡರು. ಮರುದಿನವೇ ಟೆನ್‌ಬಿ ಊರಿನಲ್ಲಿ ಐರನ್‌ಮ್ಯಾನ್ ಓಟ. 3.8 ಕಿಲೋಮೀಟರ್ ಸಮುದ್ರದಲ್ಲಿ ಈಜು, 180 ಕಿಲೋಮೀಟರ್ ಸೈಕಲ್, ಆಮೇಲೆ ಪೂರ್ತಿ ಮ್ಯಾರಥಾನ್. ಸುಮಾರು 12 ಗಂಟೆ 18 ನಿಮಿಷದಲ್ಲಿ ಮುಗಿಸಿದರು.

ಹೇಗೆ ಅಂದರೆ, ಮಾತ್ರೆಯಿಂದ. ಸರಿಯಾಗಿ ಔಷಧಿ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಮ್ಮಿಯಾಗುತ್ತದೆ. ಆ ಮಟ್ಟದಲ್ಲಿ ಇದ್ದಷ್ಟು ದಿನ ಲೈಂಗಿಕ ಸಂಪರ್ಕದಿಂದ ಬೇರೆಯವರಿಗೆ ಹರಡುವುದಿಲ್ಲ. ಇದು ವೈದ್ಯಕೀಯವಾಗಿ ಗಟ್ಟಿಯಾಗಿ ಸಾಬೀತಾದ ವಿಷಯ. ನಮ್ಮಲ್ಲಿ 2004ರಿಂದ ಸರ್ಕಾರ ಈ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಮತ್ತು ಬೌರಿಂಗ್ ಆಸ್ಪತ್ರೆಗಳಲ್ಲಿ ಈ ಔಷಧಿ ಕೊಡುವ ಎಆರ್‌ಟಿ ಕೇಂದ್ರಗಳಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಉಚಿತ. ಮಾಹಿತಿಗೆ 1097ಕ್ಕೆ ಫೋನ್ ಮಾಡಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಎಚ್‌ಐವಿ ವಿಷಯವನ್ನು ಬಯಲು ಮಾಡುವುದು 2017ರ ಕಾಯ್ದೆಯ ಪ್ರಕಾರ ತಪ್ಪು. ಆ ಕಾಯ್ದೆ ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು.

ಇದು ಗೇ ಜನರ ಕಾಯಿಲೆ ಅಂತ ತಿಳಿಯಬೇಡಿ. ಗಂಡ ಹೆಂಡತಿ ನಡುವೆಯೂ ಹರಡುತ್ತದೆ, ಸೂಜಿಯಿಂದಲೂ ಹರಡುತ್ತದೆ, ಚಿಕಿತ್ಸೆ ಸಿಗದಿದ್ದರೆ ತಾಯಿಯಿಂದ ಮಗುವಿಗೂ ಬರಬಹುದು.

ರಗ್ಬಿಲಿ ರಕ್ತ ಬರುತ್ತಲ್ಲ, ಜೊತೆಯಲ್ಲಿ ಆಡೋರಿಗೆ ಅಂಟಲ್ವಾ?

ಬೆವರು, ಎಂಜಲು, ಅಪ್ಪಿಕೊಳ್ಳುವುದು, ಒಂದೇ ಬಾಟಲಿಯಲ್ಲಿ ನೀರು ಕುಡಿಯುವುದು, ಇದರಿಂದ ಅಂಟುವುದಿಲ್ಲ. ರಕ್ತದ ವಿಷಯಕ್ಕೆ ರಗ್ಬಿಯಲ್ಲಿ ಎಲ್ಲರಿಗೂ ಒಂದೇ ನಿಯಮ: ಗಾಯದಿಂದ ರಕ್ತ ಹರಿಯುತ್ತಿದ್ದರೆ ಆಟಗಾರ ಹೊರಗೆ ಹೋಗಬೇಕು, ರಕ್ತ ನಿಲ್ಲಿಸಿ ಪಟ್ಟಿ ಕಟ್ಟಿಸಿಕೊಂಡು 15 ನಿಮಿಷದೊಳಗೆ ವಾಪಸ್ ಬರಬಹುದು, ಅಲ್ಲಿಯವರೆಗೆ ಬದಲಿ ಆಟಗಾರ ಆಡುತ್ತಾನೆ. ಔಷಧಿಯಲ್ಲಿರುವ ಒಬ್ಬ ಹುಡುಗನನ್ನು ತಂಡದಿಂದ ತೆಗೆಯಲು ಯಾವ ವೈದ್ಯಕೀಯ ಕಾರಣವೂ ಇಲ್ಲ.

ಕೋರ್ಟ್ ಕೇಸ್ ಇತ್ತಂತಲ್ಲ, ಅದನ್ನ ಯಾರೂ ಹೇಳಲ್ಲ?

ಇತ್ತು, ಹೇಳಲೇಬೇಕು. ಥಾಮಸ್ ತಮ್ಮ ಎಚ್‌ಐವಿ ವಿಷಯ ಮುಚ್ಚಿಟ್ಟು ತನಗೆ ಹರಡಿದರು ಎಂದು ಹಿಂದಿನ ಸಂಗಾತಿಯೊಬ್ಬರು ದಾವೆ ಹೂಡಿದ್ದರು. ಥಾಮಸ್ ಆರೋಪ ಒಪ್ಪಲಿಲ್ಲ. 2023ರಲ್ಲಿ 75,000 ಪೌಂಡ್ ಕೊಟ್ಟು, ಹೊಣೆ ಒಪ್ಪಿಕೊಳ್ಳದೆ, ಕೋರ್ಟಿನ ಹೊರಗೆ ಬಗೆಹರಿಸಿಕೊಂಡರು. ವಿಚಾರಣೆ ನಡೆದು ತೀರ್ಪು ಬಂದಿಲ್ಲ, ಹಾಗಾಗಿ ಯಾವ ಕಡೆಗೂ ನಾನು ತೀರ್ಪು ಕೊಡುವುದಿಲ್ಲ. ಅವರನ್ನು ದೇವರು ಮಾಡಿ ಕೂರಿಸಬೇಕಿಲ್ಲ. ಡ್ರೆಸ್ಸಿಂಗ್ ರೂಮಿನ ಕಥೆ ಹೇಳುವಷ್ಟೇ ನಿಜವಾಗಿ ಇದನ್ನೂ ಹೇಳಬೇಕು.

## ಬೇರೆಯವರು

ಇವರೊಬ್ಬರೇನಾ? ಬೇರೆ ಯಾರೂ ಇಲ್ವಾ?

ಇದ್ದಾರೆ. ಥಾಮಸ್‌ಗಿಂತ ಬಹಳ ಮುಂಚೆ, 1995ರಲ್ಲೇ, ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಇಯಾನ್ ರಾಬರ್ಟ್ಸ್ ಹೇಳಿದ್ದರು. 2015ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿ ತಂಡದ ನಾಯಕ ಕೀಗನ್ ಹರ್ಸ್ಟ್ ಹೇಳಿದರು, ಅವರಿಗೂ ಮದುವೆಯಾಗಿ ಮಕ್ಕಳಿದ್ದರು. 2022ರಲ್ಲಿ ಐರ್ಲೆಂಡಿನ ಲೀನ್‌ಸ್ಟರ್ ತಂಡದ ನಿಕ್ ಮೆಕಾರ್ಥಿ. 2023ರ ಜನವರಿಯಲ್ಲಿ ಕ್ಯಾಂಪ್‌ಬೆಲ್ ಜಾನ್‌ಸ್ಟೋನ್, ನ್ಯೂಜಿಲೆಂಡಿನ ರಾಷ್ಟ್ರೀಯ ತಂಡ ಆಲ್ ಬ್ಲ್ಯಾಕ್ಸ್‌ನ ಆಟಗಾರರಲ್ಲಿ ಗೇ ಎಂದು ಬಹಿರಂಗವಾಗಿ ಹೇಳಿದ ಮೊದಲಿಗ. ಅವರು ಆಲ್ ಬ್ಲ್ಯಾಕ್ಸ್ ಪರ ಆಡಿದ್ದು 2005ರಲ್ಲಿ. ಅಷ್ಟು ವರ್ಷ ಬೇಕಾಯಿತು.

ನನಗೆ ತುಂಬ ಹತ್ತಿರವಾದವರು ಆಟಗಾರರಲ್ಲ, ಅಂಪೈರ್ ಜಾಗದಲ್ಲಿ ನಿಲ್ಲುವ ರೆಫರಿ ನೈಜಲ್ ಓವನ್ಸ್, ಅವರೂ ವೇಲ್ಸ್‌ನವರು. 2007ರಲ್ಲಿ ಹೇಳಿದರು, ಅಂದರೆ ಥಾಮಸ್‌ಗಿಂತ ಎರಡು ವರ್ಷ ಮುಂಚೆ. ತಾರುಣ್ಯದಲ್ಲಿ ಜೀವ ಕಳೆದುಕೊಳ್ಳಲು ಹೋಗಿ ಬದುಕಿ ಬಂದವರು. ಆಮೇಲೆ 2015ರ ವಿಶ್ವಕಪ್ ಫೈನಲ್‌ಗೆ ಸೀಟಿ ಊದಿದರು. 100 ಟೆಸ್ಟ್ ಪಂದ್ಯ ನಡೆಸಿದ ಮೊದಲ ರೆಫರಿ ಕೂಡ ಅವರೇ. ಮುಂಗೋಪದ ದೈತ್ಯರನ್ನು ಎರಡು ಮಾತಿನಲ್ಲಿ ಸುಮ್ಮನಾಗಿಸುವ ಅವರ ವಿಡಿಯೊಗಳು ಸಿಗುತ್ತವೆ, ನೋಡಿ.

ಹೆಂಗಸರ ರಗ್ಬಿಯಲ್ಲಿ ಇದು ಇಷ್ಟು ದೊಡ್ಡ ಸುದ್ದಿಯಾಗಿಲ್ಲ, ಅಲ್ಲಿ ಬಹಿರಂಗವಾಗಿ ಬದುಕುವವರು ಮೊದಲಿಂದ ಜಾಸ್ತಿ. ಲಂಡನ್‌ನಲ್ಲಿ 1995ರಲ್ಲೇ ಕಿಂಗ್ಸ್ ಕ್ರಾಸ್ ಸ್ಟೀಲರ್ಸ್ ಎಂಬ ಗೇ ರಗ್ಬಿ ಕ್ಲಬ್ ಹುಟ್ಟಿತು. ಇಂಥ ಕ್ಲಬ್‌ಗಳಿಗಾಗಿಯೇ 2002ರಿಂದ ಬಿಂಗಮ್ ಕಪ್ ನಡೆಯುತ್ತಿದೆ. 2001ರ ಸೆಪ್ಟೆಂಬರ್ 11ರಂದು ಯುನೈಟೆಡ್ 93 ವಿಮಾನದಲ್ಲಿ ತೀರಿಕೊಂಡ ರಗ್ಬಿ ಆಟಗಾರ ಮಾರ್ಕ್ ಬಿಂಗಮ್ ಅವರ ಹೆಸರಿನ ಟೂರ್ನಿ ಅದು.

ಧರ್ಮದ ನಂಬಿಕೆ ಇರೋ ಆಟಗಾರ ಇದನ್ನ ಒಪ್ಪಲ್ಲ ಅಂದ್ರೆ ಅವನ ಹಕ್ಕಲ್ವಾ?

ನಂಬುವುದು ಅವನ ಹಕ್ಕು. ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ 2019ರಲ್ಲಿ, ಸಲಿಂಗಿಗಳೂ ಸೇರಿ ಹಲವರಿಗೆ ನರಕ ಕಾದಿದೆ ಎಂದು ಪೋಸ್ಟ್ ಹಾಕಿದಾಗ ಈ ಪ್ರಶ್ನೆಯೇ ಎದ್ದಿತು. ಅಲ್ಲಿನ ರಗ್ಬಿ ಮಂಡಳಿ ಅವರ ಒಪ್ಪಂದ ರದ್ದು ಮಾಡಿತು, ಅವರು ಕೇಸ್ ಹಾಕಿದರು, ವರ್ಷದ ಕೊನೆಗೆ ರಾಜಿಯಾಯಿತು. ಅವರ ಪರವಾಗಿಯೂ ತುಂಬ ಜನ ನಿಂತರು. ನನ್ನ ನಿಲುವು ಇಷ್ಟು: ದೇವರ ಮನೆಯಲ್ಲಿ ಏನು ನಂಬುತ್ತೀರಿ ಅನ್ನುವುದು ನಿಮ್ಮದು. ಅದೇ ಜರ್ಸಿ ತೊಟ್ಟ ಹತ್ತೊಂಬತ್ತರ ಹುಡುಗ ನಿಮ್ಮನ್ನು ಹೀರೋ ಅಂದುಕೊಂಡಿರುತ್ತಾನೆ, ನೀನು ನರಕಕ್ಕೆ ಹೋಗುತ್ತೀಯ ಎಂದು ಅವನಿಗೆ ಓದಿಸುವ ಹಕ್ಕು ಕೆಲಸದ ಒಪ್ಪಂದದೊಳಗೆ ಇರುವುದಿಲ್ಲ.

## ನಮ್ಮ ಊರಿಗೆ ಬಂದರೆ

ನಮ್ಮ ಹುಡುಗ್ರಲ್ಲಿ ಯಾಕೆ ಯಾರೂ ಹೇಳಲ್ಲ? ನಮ್ಮಲ್ಲಿ ಇಲ್ವೇ ಇಲ್ವೇನೋ?

ಇದ್ದಾರೆ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ 2019ರ ಮೇ ತಿಂಗಳಲ್ಲಿ ಹೇಳಿದರು. ಊರಿನಿಂದ, ಮನೆಯವರಿಂದ ಎಷ್ಟು ಮಾತು ಕೇಳಬೇಕಾಯಿತು ಅನ್ನುವುದು ಪತ್ರಿಕೆಗಳಲ್ಲೇ ಬಂತು.

ಹುಡುಗರು ಹೇಳದೇ ಇರಲು ಕಾರಣ ಹುಡುಕುವುದು ಕಷ್ಟವಲ್ಲ. ನಮ್ಮಲ್ಲಿ ಆಟ ಅಂದರೆ ಕೆಲಸದ ದಾರಿ. ರೈಲ್ವೆ, ಪೊಲೀಸ್, ಬ್ಯಾಂಕು, ಎಲ್ಲ ಸ್ಪೋರ್ಟ್ಸ್ ಕೋಟಾದ ಮೇಲೆ ನಿಂತಿದೆ. ಆಯ್ಕೆ ಮಾಡುವವರು ಕೆಲವೇ ಜನ, ಅವರ ಕಣ್ಣಿಗೆ ಕೆಟ್ಟವನಾದರೆ ಯಾಕೆ ತೆಗೆದರು ಎಂದು ಕೇಳುವ ಜಾಗವೂ ಇಲ್ಲ. ಕಂಠೀರವದಲ್ಲಿ ಬೆಳಗ್ಗೆ ಪ್ರಾಕ್ಟೀಸ್ ಮುಗಿಸಿ ಪಿಜಿಗೆ ವಾಪಸ್ ಹೋಗುವ ಹುಡುಗನಿಗೆ ಊರಿನಲ್ಲಿ ಅಪ್ಪನ ಸಾಲ ಇರುತ್ತದೆ, ತಂಗಿಯ ಮದುವೆ ಇರುತ್ತದೆ. ಅವನು ಬಾಯಿಬಿಟ್ಟರೆ ಸುದ್ದಿ ಸಂಜೆಯೊಳಗೆ ವಾಟ್ಸಾಪಿನಲ್ಲಿ ಊರು ಮುಟ್ಟುತ್ತದೆ. ಥಾಮಸ್ ಹೇಳಿದಾಗ ಅವರು ಆಗಲೇ 100 ಪಂದ್ಯ ಆಡಿ ಮುಗಿಸಿದ್ದರು. ಇನ್ನೂ ಏನೂ ಆಗಿರದ ಹುಡುಗನಿಂದ ಅದೇ ಧೈರ್ಯ ಬಯಸುವುದು ಅನ್ಯಾಯ.

ಕಾನೂನು ಏನು ಹೇಳುತ್ತೆ? ಜೈಲಿಗೆ ಹಾಕ್ತಾರಾ?

ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ಇರುವ ಸಂಬಂಧ ಅಪರಾಧವಲ್ಲ ಎಂದು ಹಳೆಯ ದಂಡ ಸಂಹಿತೆಯ 377ನೇ ಸೆಕ್ಷನ್‌ನಿಂದ ಹೊರಗಿಟ್ಟಿತು. ಮದುವೆಗೆ ಕಾನೂನಿನ ಮಾನ್ಯತೆ ಇನ್ನೂ ಇಲ್ಲ, 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ಯಾರಾದರೂ 377 ಹೆಸರು ಹೇಳಿ ದುಡ್ಡು ಕಿತ್ತುಕೊಳ್ಳಲು ಬಂದರೆ ಹೆದರಬೇಡಿ, ಅದು ಸುಲಿಗೆ, ದೂರು ಕೊಡಿ.

ಮಗ ಹೇಳಿದ್ದಾನೆ. ಒಳ್ಳೆ ಡಾಕ್ಟರ್ ಹತ್ರ ತೋರಿಸಿದ್ರೆ ಸರಿ ಹೋಗಲ್ವಾ ಮೇಡಂ?

ಅಮ್ಮಾ, ಇದು ಕಾಯಿಲೆಯಲ್ಲ, ವಾಸಿ ಮಾಡಲು ಏನೂ ಇಲ್ಲ. ಬದಲಾಯಿಸುತ್ತೇನೆ ಎಂದು ಇಂಜೆಕ್ಷನ್, ಶಾಕ್, ಮಾತ್ರೆ ಕೊಡುವವರಿದ್ದಾರೆ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯದ ವೈದ್ಯ ಮಂಡಳಿಗಳಿಗೆ ತಿಳಿಸಿದೆ. ಡಾಕ್ಟರ್ ಬೇಕಾಗುವುದು ಮಗ ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದಿದ್ದರೆ, ಸಾಯುವ ಮಾತಾಡಿದರೆ. ಆಗ ತಡ ಮಾಡಬೇಡಿ. ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಇಲ್ಲೇ ಇದೆ.

ಮಾತಾಡಿಕೊಳ್ಳಲು ಜನ ಬೇಕೆಂದರೆ ಬೆಂಗಳೂರು ಈ ವಿಷಯದಲ್ಲಿ ಹಳೆಯ ಊರು. ಗುಡ್ ಆ್ಯಸ್ ಯು ಗುಂಪು 1994ರಲ್ಲಿ ಶುರುವಾಯಿತು, ಸಂಗಮ ಸಂಸ್ಥೆ 1999ರಲ್ಲಿ. 2008ರಿಂದ ಪ್ರೈಡ್ ನಡಿಗೆ ನಡೆಯುತ್ತಿದೆ, ಅದಕ್ಕೆ ಮಕ್ಕಳ ಜೊತೆ ಬರುವ ಅಪ್ಪ ಅಮ್ಮಂದಿರೂ ಇದ್ದಾರೆ. ಅವರಲ್ಲಿ ಒಬ್ಬರ ಹತ್ತಿರ ಮಾತಾಡಿ ನೋಡಿ, ನನ್ನ ಹತ್ತು ಪುಟಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ನಾನು ಕೋಚ್. ಹುಡುಗ ಬಂದು ಹೇಳಿದ್ರೆ ಏನು ಮಾಡ್ಲಿ?

ಕೇಳಿಸಿಕೊಳ್ಳಿ. ಹೇಳಿದ್ದಕ್ಕೆ ಸಂತೋಷ ಅನ್ನಿ. ಬೇರೆ ಯಾರಿಗೆ ಗೊತ್ತು, ಯಾರಿಗೆ ಗೊತ್ತಾಗಬಾರದು ಎಂದು ಅವನನ್ನೇ ಕೇಳಿ, ಅದನ್ನು ಮೀರಬೇಡಿ. ಮನೆಗೆ ಫೋನ್ ಮಾಡಲೇಬೇಡಿ, ಎಷ್ಟೋ ಹುಡುಗರು ಮನೆ ಬಿಡುವ ಹಾಗಾಗಿದ್ದು ಹಿರಿಯರ ಆ ಒಂದು ಫೋನಿನಿಂದ. ಮರುದಿನ ತಂಡದಲ್ಲಿ ಅವನ ಜಾಗ ನಿನ್ನೆ ಎಲ್ಲಿತ್ತೋ ಅಲ್ಲೇ ಇರಲಿ.

ಇದಕ್ಕಿಂತ ಮುಖ್ಯವಾದ ಕೆಲಸ ಅವನು ಬರುವುದಕ್ಕೂ ಮುಂಚಿನದ್ದು. ಟ್ಯಾಕಲ್ ತಪ್ಪಿದವನಿಗೆ ಏನು ಹುಡುಗಿ ಥರ ಆಡ್ತೀಯಾ, ಚಕ್ಕಾ ಎಂದು ನೀವು ಬೈದರೆ, ಮೂಲೆಯಲ್ಲಿ ಬೂಟಿನ ಲೇಸ್ ಕಟ್ಟುತ್ತಿರುವ ಹುಡುಗ ಅದನ್ನು ಕೇಳಿಸಿಕೊಳ್ಳುತ್ತಾನೆ. ಅವನು ಜನ್ಮದಲ್ಲಿ ನಿಮ್ಮ ಹತ್ತಿರ ಬರುವುದಿಲ್ಲ. ಜಾನ್ಸನ್ ಹತ್ತಿರ ಥಾಮಸ್ ಅಳಲು ಆಗಿದ್ದು ಆ ಒಂದು ದಿನದ ಒಳ್ಳೆಯತನದಿಂದ ಮಾತ್ರ ಅಲ್ಲ, ಅದಕ್ಕೂ ಮುಂಚೆ ಆ ಕೋಚ್ ಅವರ ಜೊತೆ ಹೇಗೆ ನಡೆದುಕೊಂಡಿದ್ದರು ಅನ್ನುವುದರಿಂದ.

ಒಂದೇ ರೂಮು, ಒಂದೇ ಬಾತ್‌ರೂಮು. ಬೇರೆ ಹುಡುಗರಿಗೆ ಮುಜುಗರ ಆಗಲ್ವಾ?

ಅವನು ನಿನ್ನೆಯೂ ಅದೇ ರೂಮಿನಲ್ಲಿ ಇದ್ದ, ಏನೂ ಆಗಿರಲಿಲ್ಲ. ಆಟಗಾರರಿಗೆ ಡ್ರೆಸ್ಸಿಂಗ್ ರೂಮು ಕೆಲಸದ ಜಾಗ, ನೋವು, ಐಸ್, ಬೆವರಿನ ವಾಸನೆ, ಅಷ್ಟೇ. ಯಾರೇ ಆಗಲಿ ಕೆಟ್ಟದಾಗಿ ನಡೆದುಕೊಂಡರೆ ಕ್ರಮ ತೆಗೆದುಕೊಳ್ಳಿ, ಅದು ಎಲ್ಲರಿಗೂ ಒಂದೇ. ಮುಜುಗರ ಇರುವವರು ಟವೆಲ್ ಸುತ್ತಿಕೊಳ್ಳಬಹುದು, ಬೇರೆ ರೂಮ್ ಕೇಳಬಹುದು. ಹೇಳಿಕೊಂಡ ಹುಡುಗನನ್ನು ಹೊರಗೆ ಹಾಕುವುದು ಪರಿಹಾರ ಅಲ್ಲ.

ನಾನು ಆಡ್ತೀನಿ, ಗೇ. ಟೀಮ್‌ಗೆ ಹೇಳಿಲ್ಲ. ಜೊತೆ ಆಡೋರಿಗೆ ಮೋಸ ಮಾಡ್ತಿದೀನಾ?

ಇಲ್ಲ. ನೀವು ಯಾರಿಗೂ ಇದನ್ನು ಹೇಳಬೇಕಾದ ಸಾಲ ಇಟ್ಟುಕೊಂಡಿಲ್ಲ. ತಂಡಕ್ಕೆ ನೀವು ಕೊಡಬೇಕಾದ್ದು ನಿಮ್ಮ ಟ್ಯಾಕಲ್, ನಿಮ್ಮ ಓಟ, ನಿಮ್ಮ ಪಾಸ್. ಹೇಳಲೇಬೇಕಾದ ಒಂದೇ ಜಾಗ ನಿಮ್ಮ ಜೊತೆ ಬದುಕು ಹಂಚಿಕೊಳ್ಳಲು ಹೊರಟವರು, ಯಾಕೆ ಅಂತ ಮದುವೆಯ ಪ್ರಶ್ನೆಯಲ್ಲಿ ಬರೆದಿದ್ದೇನೆ.

ಆದರೆ ಒಬ್ಬರಿಗಾದರೂ ಹೇಳಿ. ಟೀಮಿನವರೇ ಆಗಬೇಕಿಲ್ಲ. ಅಕ್ಕ ಆಗಬಹುದು, ಕಾಲೇಜಿನ ಗೆಳೆಯ ಆಗಬಹುದು, ಸಹಾಯವಾಣಿಯಲ್ಲಿ ಮುಖ ಕಾಣದ ಒಬ್ಬರು ಆಗಬಹುದು. ಆಯ್ಕೆ ಮಾಡುವಾಗ ಅವರು ಬೇರೆಯವರ ಗುಟ್ಟುಗಳನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಅಂತ ನೋಡಿ. ಊಟ, ಬಾಡಿಗೆ, ಫೀಸು ಮನೆಯವರ ಕೈಯಲ್ಲಿದ್ದರೆ ಮನೆಯಲ್ಲಿ ಹೇಳುವುದಕ್ಕೆ ಅವಸರ ಮಾಡಬೇಡಿ, ಮೊದಲು ನಿಮ್ಮ ಕಾಲ ಮೇಲೆ ನಿಂತುಕೊಳ್ಳಿ, ಒಂದು ರಾತ್ರಿ ಹೋಗಿ ಉಳಿಯಲು ಜಾಗ ಇದೆಯಾ ನೋಡಿಕೊಳ್ಳಿ. ಥಾಮಸ್ ಕೂಡ ಮೊದಲು ಹೆಂಡತಿಗೆ, ಆಮೇಲೆ ಕೋಚ್‌ಗೆ, ಆಮೇಲೆ ಇಬ್ಬರು ಗೆಳೆಯರಿಗೆ ಹೇಳಿದ್ದು. ಪತ್ರಿಕೆಗೆ ಕೊನೆಗೆ. ನಿಮ್ಮ ಪಟ್ಟಿ ಮೊದಲನೇ ಹೆಸರಿಗೇ ನಿಂತರೂ ಅದು ಸಾಕು.